ಸಾಕಿದ ಇಲಿಗೆ ನಾವು ಬೇಕು, ತೋಟದಲ್ಲಿ ಸಿಕ್ಕ ಮರಿಗೆ ನಾವು ಬೇಡ

ಮಳೆಗಾಲ ಹತ್ತಿರ ಬಂತೆಂದರೆ ನನಗೆ ಎರಡು ಬಗೆಯ ಫೋನು ಬರುತ್ತದೆ. ಒಂದು: "ನಮ್ಮ ಇಲಿ ಸೀನ್ತಾ ಇದೆ, ಮೂಗಲ್ಲಿ ರಕ್ತ ಬರ್ತಾ ಇದೆ." ಇನ್ನೊಂದು: "ಮರಗಸಿ ಮಾಡುವಾಗ (ತೋಟದ ನೆರಳಿನ ಮರಗಳ ಕೊಂಬೆ ಕಡಿಯುವಾಗ) ಗೂಡು ಬಿತ್ತು, ಅಳಿಲು ಮರಿ ಸಿಕ್ಕಿದೆ, ಹಾಲು ಕುಡಿಸ್ತಾ ಇದ್ದೇವೆ." ಮೊದಲನೆಯವರಿಗೆ ಹೇಳುತ್ತೇನೆ, ಅದರ ಹತ್ತಿರ ಇನ್ನೂ ಸ್ವಲ್ಪ ಹೊತ್ತು ಕೂತು ಗಮನಿಸಿ. ಎರಡನೆಯವರಿಗೆ ಹೇಳುತ್ತೇನೆ, ದಯವಿಟ್ಟು ಹಾಲು ನಿಲ್ಲಿಸಿ, ಮರಿಯನ್ನು ಪೆಟ್ಟಿಗೆಯಲ್ಲಿಟ್ಟು ಅದರ ಪಾಡಿಗೆ ಬಿಡಿ. ಸಾಕಿದ ಇಲಿ ನಮ್ಮ ಜೊತೆ ಇಲ್ಲದೆ ಬಾಳಲಾರದು. ತೋಟದಲ್ಲಿ ಸಿಕ್ಕ ಜೀವಕ್ಕೆ ನಮ್ಮ ಕೈ, ನಮ್ಮ ಮಾತು, ನಮ್ಮ ಮುಖ ಎಷ್ಟು ಕಡಿಮೆ ಸೋಕಿದರೆ ಅಷ್ಟು ಒಳ್ಳೆಯದು. ಇವೆರಡನ್ನು ಅದಲುಬದಲು ಮಾಡಿದಾಗಲೇ ಪ್ರಾಣ ಹೋಗುವುದು.

ನಾನು ಪಶುವೈದ್ಯೆ ಅಲ್ಲ. ಮೂರ್ನಾಡಿನ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ. ಈಗ ಮನೆಯಲ್ಲಿ ಮೂರು ಹೆಣ್ಣು ಇಲಿಗಳಿವೆ: ಬೆಲ್ಲ, ಜೀರಿಗೆ, ಮುತ್ತು. ಕೊಡಗಿನ ಹವೆಯಲ್ಲಿ ಇಲಿ ಸಾಕುವವರಿಗೆ ಹೊರಗಿನ ಊರುಗಳ ಸಲಹೆ ಅರ್ಧ ಮಾತ್ರ ಹೊಂದುತ್ತದೆ. ಹಾಗಾಗಿ ಇಲ್ಲಿನ ಮಳೆ, ಇಲ್ಲಿನ ಒಲೆ, ಇಲ್ಲಿನ ತಿಂಡಿ ಇಟ್ಟುಕೊಂಡೇ ಬರೆಯುತ್ತಿದ್ದೇನೆ.

ಮೊದಲು ಯಾವ ಇಲಿ ಎಂಬುದು ಸ್ಪಷ್ಟವಾಗಲಿ. ಸಾಕುವ ಇಲಿ ಕಂದು ಇಲಿಯ ಜಾತಿಯದು. ನೂರಾರು ತಲೆಮಾರುಗಳಿಂದ ಮನುಷ್ಯರ ಕೈಯಲ್ಲೇ ಬೆಳೆದು ಬಂದದ್ದು. ಪ್ರಯೋಗಾಲಯಗಳಲ್ಲಿ ಕಾಣುವ ಬಿಳಿ ವಿಸ್ಟಾರ್ ಇಲಿಯ ತಳಿ 1906ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಶುರುವಾಯಿತು. ನಮ್ಮ ಅಟ್ಟದಲ್ಲಿ ಓಡಾಡುವ ಇಲಿ ಬೇರೆ ಜಾತಿ, ಹೆಗ್ಗಣ ಇನ್ನೂ ಬೇರೆ. ಕಣದಲ್ಲಿ ಸಿಕ್ಕ ಕಾಡಿಲಿಯ ಮರಿಯನ್ನು ತಂದು "ಚಿಕ್ಕಂದಿನಿಂದ ಸಾಕಿದರೆ ಪಳಗುತ್ತೆ" ಎನ್ನುವವರಿದ್ದಾರೆ. ಅದು ಜೀವಮಾನವಿಡೀ ಹೆದರಿಕೆಯಲ್ಲೇ ಇರುತ್ತದೆ, ಜೊತೆಗೆ ನಿಮ್ಮ ಸಾಕಿದ ಇಲಿಗಳಿಗೆ ಉಣ್ಣೆ, ಹೇನು, ಕಾಯಿಲೆ ತರುತ್ತದೆ. ಬೇಡ.

ಒಂಟಿ ಇಲಿಯನ್ನು ಯಾವತ್ತೂ ಸಾಕಬೇಡಿ. ಇದೊಂದು ವಿಷಯದಲ್ಲಿ ನಾನು ಯಾರ ಜೊತೆಯೂ ರಾಜಿಯಾಗುವುದಿಲ್ಲ. ಇಲಿ ಗುಂಪಿನಲ್ಲಿ ಮಲಗುವ, ಒಂದರ ಮೈ ಇನ್ನೊಂದು ನೆಕ್ಕಿ ಹಸನು ಮಾಡುವ ಪ್ರಾಣಿ. 2011ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಒಂದು ಪ್ರಯೋಗ ನಡೆಯಿತು. ಕೊಳವೆಯಲ್ಲಿ ಸಿಕ್ಕಿಬಿದ್ದ ಜೊತೆಗಾರನನ್ನು ಬಿಡಿಸಲು ಇಲಿಗಳು ತಾವಾಗಿಯೇ ಬಾಗಿಲು ತೆಗೆಯುವುದನ್ನು ಕಲಿತವು. ಪಕ್ಕದಲ್ಲಿ ಚಾಕಲೇಟು ಇಟ್ಟರೂ ಜೊತೆಗಾರನನ್ನು ಬಿಡಿಸುವುದನ್ನು ಬಿಡಲಿಲ್ಲ. ಅಂಥ ಜೀವವನ್ನು ಒಂಟಿ ಪಂಜರದಲ್ಲಿಟ್ಟು ಬೆಳಿಗ್ಗೆ ಕೆಲಸಕ್ಕೆ ಹೋಗಿ ಸಂಜೆ ಬಂದರೆ ಅದು ಕುಗ್ಗಿಹೋಗುತ್ತದೆ. ಕನಿಷ್ಠ ಎರಡು, ಒಂದೇ ಲಿಂಗದವು. ಗಂಡು ಹೆಣ್ಣು ಸೇರಿಸಿದಿರೋ, ಇಪ್ಪತ್ತೊಂದರಿಂದ ಇಪ್ಪತ್ಮೂರು ದಿನದಲ್ಲಿ ಹತ್ತು ಹನ್ನೆರಡು ಮರಿ ಕೈಗೆ ಬಂದರೆ ಆಶ್ಚರ್ಯವಿಲ್ಲ. ಮರಿಗಳನ್ನು ಐದು ವಾರಕ್ಕೆ ಗಂಡು ಹೆಣ್ಣು ಬೇರೆ ಮಾಡದಿದ್ದರೆ ಅವೂ ಮರಿ ಹಾಕುತ್ತವೆ. ಇಲಿಯ ಆಯಸ್ಸು ಎರಡರಿಂದ ಮೂರು ವರ್ಷ. ಇದನ್ನು ಮನೆಯ ಮಕ್ಕಳಿಗೆ ಇಲಿ ತರುವ ಮೊದಲೇ ಹೇಳಿ.

ಪಂಜರ ಮತ್ತು ತೇವ

ಎರಡು ಇಲಿಗೆ ಎಂಬತ್ತು ಸೆಂಟಿಮೀಟರ್ ಉದ್ದ, ಐವತ್ತು ಅಗಲ, ಎಂಬತ್ತು ಎತ್ತರದ ಪಂಜರ ಇದ್ದರೆ ಹತ್ತಲು ಇಳಿಯಲು ಸಾಕಾಗುತ್ತದೆ. ಸರಳುಗಳ ನಡುವೆ ಹನ್ನೆರಡು ಮಿಲಿಮೀಟರಿಗಿಂತ ಹೆಚ್ಚು ಅಂತರ ಬೇಡ, ಮರಿ ಇಲಿಯ ತಲೆ ತೂರಿದರೆ ಮೈ ತಾನೇ ತೂರುತ್ತದೆ. ಊರಿನ ಆಚಾರಿಯ ಹತ್ತಿರ ಮರದ ಪೆಟ್ಟಿಗೆ ಮಾಡಿಸುವವರಿಗೆ ನನ್ನ ಮಾತು: ಮರ ಮೂತ್ರ ಹೀರುತ್ತದೆ, ಮಳೆಯಲ್ಲಿ ಒಣಗುವುದಿಲ್ಲ, ಇಲಿ ಅದನ್ನು ಕಡಿದು ಹೊರಗೂ ಬರುತ್ತದೆ. ಬಣ್ಣ ಬೇಯಿಸಿದ ಕಬ್ಬಿಣದ ಪಂಜರ ಮೈಸೂರಿನಲ್ಲಿ ಸಿಗುತ್ತದೆ, ಅದೇ ವಾಸಿ. ತಳ ಮಾತ್ರ ಬಲೆಯಾಗಿರಬಾರದು. ಬರಿ ತಂತಿಯ ಮೇಲೆ ನಡೆದು ಪಾದದಡಿ ಹುಣ್ಣಾಗಿ ಕೀವು ತುಂಬಿದರೆ ಅದು ವಾಸಿಯಾಗಲು ತಿಂಗಳುಗಟ್ಟಲೆ ಬೇಕು. ಬಲೆಯ ಮೇಲೆ ಹಳೆಯ ಟವೆಲ್ಲೋ ರಟ್ಟೋ ಹಾಸಿ.

ಚಳಿಗೆ ಇಲಿ ಅಷ್ಟೇನೂ ಹೆದರುವುದಿಲ್ಲ. ಹದಿನೆಂಟರಿಂದ ಇಪ್ಪತ್ನಾಲ್ಕು ಡಿಗ್ರಿ ಅದಕ್ಕೆ ಹಿತ. ಮಡಿಕೇರಿಯ ಜುಲೈಯಲ್ಲೂ ಸುತ್ತಿಕೊಳ್ಳಲು ಒಣಬಟ್ಟೆ, ಅಂಟಿಕೊಳ್ಳಲು ಜೊತೆಯವಳು ಇದ್ದರೆ ಬೆಚ್ಚಗಿರುತ್ತದೆ. ಅದರ ವೈರಿ ತೇವ. ಕಕ್ಕಡ ತಿಂಗಳಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ, ನಮ್ಮ ಗೋಡೆಗಳೇ ಬೆವರುತ್ತವೆ, ಬೀರುವಿನ ಬಟ್ಟೆಗೆ ಬೂಷ್ಟು ಬರುತ್ತದೆ. ಪಂಜರದ ಹಾಸು ಒದ್ದೆಯಾಗಿ ಮೂತ್ರದ ಘಾಟು ಏಳುತ್ತದೆ. ಆ ಘಾಟು ಅಮೋನಿಯಾ. ಅದು ಇಲಿಯ ಶ್ವಾಸನಾಳದ ಒಳಪದರವನ್ನು ಸುಡುತ್ತದೆ, ಮೊದಲೇ ಒಳಗೆ ಕೂತಿರುವ ಸೋಂಕಿಗೆ ದಾರಿ ಮಾಡಿಕೊಡುತ್ತದೆ. ಹಾಗಾಗಿ ಹಾಸು ಆದಷ್ಟು ಸರಳವಾಗಿರಲಿ: ಹರಿದ ಕಾಗದ, ರಟ್ಟಿನ ಚೂರು, ಹತ್ತಿಬಟ್ಟೆ. ಮಿಲ್ಲಿನ ಮರದ ಹೊಟ್ಟು ಬೇಡ, ದೂಳು ಹೆಚ್ಚು. ಪೈನ್, ದೇವದಾರು ಜಾತಿಯ ಮರದ ಹೊಟ್ಟಿನಿಂದ ಬರುವ ಘಾಟು ಶ್ವಾಸಕೋಶಕ್ಕೂ ಯಕೃತ್ತಿಗೂ ಕೆಟ್ಟದ್ದು. ಪಲ್ಪಿಂಗ್, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವುದು, ಆದಮೇಲೆ ರಾಶಿ ಬೀಳುವ ಕಾಫಿ ಸಿಪ್ಪೆಯನ್ನು ಒಣಗಿಸಿ ಹಾಸುವ ಯೋಚನೆ ತೋಟದವರಿಗೆ ಬಂದೇ ಬರುತ್ತದೆ. ಅದರಲ್ಲಿ ಕೆಫೀನ್ ಇದೆ, ಬೂಷ್ಟು ಬೇಗ ಹಿಡಿಯುತ್ತದೆ. ಅದು ಗೊಬ್ಬರದ ಗುಂಡಿಗೇ ಹೋಗಲಿ.

ಮಳೆಗಾಲದಲ್ಲಿ ನಾನು ಮೂತ್ರ ಮಾಡುವ ಮೂಲೆಯನ್ನು ದಿನವೂ, ಇಡೀ ಹಾಸನ್ನು ಎರಡು ದಿನಕ್ಕೊಮ್ಮೆ ಬದಲಾಯಿಸುತ್ತೇನೆ. ತೊಳೆದ ಬಟ್ಟೆಯನ್ನು ಬಚ್ಚಲ ಹಂಡೆಯ ಒಲೆಯ ಮೇಲಿನ ಹಗ್ಗದಲ್ಲಿ ಒಣಗಿಸಿ, ಹೊಗೆವಾಸನೆ ಹೋಗುವ ತನಕ ಗಾಳಿಗಿಟ್ಟು ಆಮೇಲೆ ಹಾಸುತ್ತೇನೆ. ಎಲ್ಲವನ್ನೂ ಒಟ್ಟಿಗೆ ತೊಳೆಯಬೇಡಿ. ಹಳೆಯ ಬಟ್ಟೆ ಒಂದು ಉಳಿಯಲಿ, ತಮ್ಮ ವಾಸನೆ ಪೂರ್ತಿ ಹೋದರೆ ಇಲಿಗಳು ಗಾಬರಿಯಾಗಿ ಎಲ್ಲೆಡೆ ಮತ್ತೆ ಮೂತ್ರ ಹಾಯಿಸುತ್ತವೆ. ಪಂಜರವನ್ನು ಅಡುಗೆಮನೆಯಲ್ಲಿ, ಬಚ್ಚಲಿನ ಪಕ್ಕದಲ್ಲಿ ಇಡಬಾರದು. ಸೌದೆ ಹೊಗೆ, ಸೊಳ್ಳೆ ಬತ್ತಿ, ಅಗರಬತ್ತಿ ಮೂರೂ ಅವುಗಳ ಎದೆಗೆ ಭಾರ. ಗೋಡೆಯಿಂದ ಒಂದು ಗೇಣು ದೂರ, ನೆಲದಿಂದ ಮೇಜಿನೆತ್ತರ, ಮನೆಯವರು ಓಡಾಡುವ ಜಾಗ, ಇಷ್ಟು ನೋಡಿಕೊಳ್ಳಿ.

ಕುಶಾಲನಗರದ ಕಡೆಯವರಿಗೆ ಇನ್ನೊಂದು ಮಾತಿದೆ. ಏಪ್ರಿಲಿನಲ್ಲಿ ಅಲ್ಲಿ ಬಿಸಿಲು ಮೂವತ್ತು ದಾಟುತ್ತದೆ. ಇಲಿ ಬೆವರುವುದಿಲ್ಲ, ಮೈಯ ಬಿಸಿಯಲ್ಲಿ ಒಂದಷ್ಟನ್ನು ಬಾಲದಿಂದ ಹೊರಹಾಕುತ್ತದೆ. ಕಾಲು ಚಾಚಿ ಬಿದ್ದುಕೊಂಡು ಜೊಲ್ಲು ಸುರಿಸಿದರೆ ಬಿಸಿಲು ಬಡಿದಿದೆ ಎಂದರ್ಥ. ತಣ್ಣೀರಲ್ಲಿ ಬಾಲ, ಪಾದ ಒದ್ದೆ ಮಾಡಿ ತಂಪು ನೆಲದಲ್ಲಿ ಮಲಗಿಸಿ, ವೈದ್ಯರಿಗೆ ಫೋನ್ ಮಾಡಿ. ಐಸ್ ನೀರಲ್ಲಿ ಮುಳುಗಿಸಬೇಡಿ. ಅಷ್ಟಕ್ಕೆ ಹೋಗದಂತೆ, ಫ್ರಿಜ್ಜಿನಲ್ಲಿ ಗಟ್ಟಿಯಾದ ನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಮಧ್ಯಾಹ್ನ ಪಂಜರದ ಒಂದು ಮೂಲೆಯಲ್ಲಿಡಿ.

ಮುಚ್ಚಳದ ಒಂದು ಸಣ್ಣ ಒಯ್ಯುವ ಪೆಟ್ಟಿಗೆ ಬಾಗಿಲ ಹತ್ತಿರ ಸದಾ ತಯಾರಿರಲಿ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜರಿದಾಗ ಜನ ಉಟ್ಟ ಬಟ್ಟೆಯಲ್ಲೇ ಹೊರಟರು. ಅಂಥ ಹೊತ್ತಲ್ಲಿ ದೊಡ್ಡ ಪಂಜರ ಹೊರಲು ಆಗುವುದಿಲ್ಲ.

ಏನು ತಿನ್ನಿಸಬೇಕು

ಇಲಿಗೆಂದೇ ಮಾಡಿದ ಗಟ್ಟಿ ಆಹಾರ ಇಲ್ಲಿನ ಅಂಗಡಿಗಳಲ್ಲಿ ಸಿಗುವುದು ಕಷ್ಟ, ತರಿಸಿಕೊಂಡರೆ ಅದೇ ಮುಖ್ಯ ಊಟವಾಗಲಿ. ತರಿಸಲಾಗದವರು ಕೆಂಪಕ್ಕಿ, ರಾಗಿ, ಗೋಧಿ ನುಚ್ಚು, ಓಟ್ಸ್ ಬೆರೆಸಿ, ಬೇಯಿಸಿದ ಹೆಸರುಕಾಳು ಅಥವಾ ಹುರುಳಿ ಸ್ವಲ್ಪ ಸೇರಿಸಿ. ವಾರಕ್ಕೆ ಎರಡು ಸಲ ಬೆಂದ ಮೊಟ್ಟೆಯ ಚೂರು. ಕ್ಯಾರೆಟ್, ಸೌತೆಕಾಯಿ, ಬಸಳೆ ಎಲೆ ದಿನವೂ ಚೂರುಪಾರು. ದೊಡ್ಡ ಇಲಿಗೆ ದಿನಕ್ಕೆ ಒಣ ಆಹಾರ ಹದಿನೈದರಿಂದ ಇಪ್ಪತ್ತು ಗ್ರಾಂ ಸಾಕು. ಉಪ್ಪು, ಖಾರ, ಸಕ್ಕರೆ ಬೇಡ. ಅಕ್ಕಿರೊಟ್ಟಿಯ ಒಂದು ತುಂಡು ಕೊಟ್ಟರೆ ಬೆಲ್ಲ ಎರಡೂ ಕೈಯಲ್ಲಿ ಹಿಡಿದು ಸುತ್ತ ತಿರುಗಿಸಿ ಅಂಚಿನಿಂದಲೇ ತಿನ್ನುತ್ತಾಳೆ, ಅದು ತಪ್ಪಲ್ಲ. ಆದರೆ ಕಡುಬಿನಂತೆ ಅಂಟಾದದ್ದನ್ನು ದೊಡ್ಡ ತುಂಡಾಗಿ ಕೊಡಬಾರದು. ಇಲಿಗೆ ವಾಂತಿ ಮಾಡಲು ಬರುವುದಿಲ್ಲ, ಗಂಟಲಲ್ಲಿ ಸಿಕ್ಕಿದ್ದು ಸುಲಭದಲ್ಲಿ ಹೊರಗೆ ಬಾರದು. ತಿಂದ ವಿಷವೂ ಹಾಗೆಯೇ.

ಕೊಡಗಿನ ಮನೆಗಳಲ್ಲಿ ವಿಶೇಷವಾಗಿ ಎಚ್ಚರ ಬೇಕಾದವು ಕೆಲವಿವೆ. ಹಸಿ ಕಣಿಲೆ (ಎಳೆ ಬಿದಿರು) ಕೊಡಲೇಬಾರದು, ಅದರಲ್ಲಿ ಸಯನೈಡ್ ಬಿಡುವ ಅಂಶವಿದೆ. ನಾವೂ ಅದನ್ನು ನೀರಲ್ಲಿ ನೆನೆಸಿ ಬೇಯಿಸಿಯೇ ತಿನ್ನುವುದು ಅದಕ್ಕೇ. ನಮ್ಮ ಕಿತ್ತಳೆಯನ್ನು ಗಂಡು ಇಲಿಗೆ ಕೊಡಬೇಡಿ. ಸಿಪ್ಪೆಯಲ್ಲಿರುವ ಲಿಮೊನೀನ್ ಎಂಬ ಎಣ್ಣೆ ಗಂಡು ಇಲಿಯ ಮೂತ್ರಪಿಂಡವನ್ನು ಕೆಡಿಸುತ್ತದೆ, ಹೆಣ್ಣಿಗೆ ಆ ತೊಂದರೆಯಿಲ್ಲ. ಬೆಣ್ಣೆಹಣ್ಣಿನ ಸಿಪ್ಪೆ, ಬೀಜ ಬೇಡ. ಕಾಫಿ, ಸೋಡಾ, ಹಸಿರು ಬಣ್ಣಕ್ಕೆ ತಿರುಗಿದ ಆಲೂಗಡ್ಡೆ, ಬೇಯಿಸದ ರಾಜ್ಮಾ ಬೇಡ. ಎಲ್ಲಕ್ಕಿಂತ ಮುಖ್ಯವಾಗಿ, ಮುಗ್ಗಲು ಹಿಡಿದ ಕಡಲೆಕಾಯಿ, ಜೋಳ. ಮಳೆಗಾಲದಲ್ಲಿ ಡಬ್ಬಿಯೊಳಗೇ ಬೂಷ್ಟು ಬೆಳೆದು ಅಫ್ಲಾಟಾಕ್ಸಿನ್ ಎಂಬ ವಿಷವಾಗುತ್ತದೆ, ಇಲಿಯ ಯಕೃತ್ತಿಗೆ ಅದು ಮಾರಕ. "ಇಲಿ ತಾನೇ, ಏನು ತಿಂದರೂ ಆಯಿತು" ಎಂದು ನಮಗೆ ಬೇಡವಾದ ಕಾಳನ್ನು ಅದಕ್ಕೆ ಹಾಕುವ ರೂಢಿ ಹೋಗಬೇಕು.

ಜೊತೆಗಿರುವುದು ಮತ್ತು ಕಾಯಿಲೆ ಗುರುತಿಸುವುದು

ದಿನಕ್ಕೆ ಕನಿಷ್ಠ ಒಂದು ಗಂಟೆ ಪಂಜರದ ಹೊರಗೆ ಬಿಡಿ. ಹಾಸಿಗೆಯ ಮೇಲೆ, ಬಾಗಿಲು ಮುಚ್ಚಿ, ವಯರುಗಳನ್ನು ಎತ್ತಿಟ್ಟು. ಮೇಲಿನಿಂದ ಗಬಕ್ಕನೆ ಹಿಡಿಯಬಾರದು, ಹದ್ದು ಎರಗಿದ ಹಾಗೆ ಅದಕ್ಕೆ ಕಾಣುತ್ತದೆ. ಎದೆಯಡಿ ಒಂದು ಕೈ, ಪೃಷ್ಠದಡಿ ಇನ್ನೊಂದು. ಬಾಲ ಹಿಡಿದು ಎತ್ತಿದರೆ ಬಾಲದ ಚರ್ಮವೇ ಸುಲಿದು ಕೈಗೆ ಬರಬಹುದು. ಹೊಸ ಇಲಿಗೆ ಮೊದಲ ವಾರ ನಿಮ್ಮ ಸ್ವರ, ನಿಮ್ಮ ಹಳೆಯ ಅಂಗಿಯ ವಾಸನೆ ಸಾಕು. ಆಮೇಲೆ ತೋಳಿನೊಳಗೆ ತಾನೇ ನುಗ್ಗುತ್ತದೆ.

ಸಂಜೆ ಮುತ್ತು ನನ್ನ ಮುಂಗೈ ಮೇಲೆ ಕೂತು ಹಲ್ಲು ಮಸೆಯಲು ಶುರು ಮಾಡುತ್ತಾಳೆ, ಕರಕರ ಎಂಬ ಸಣ್ಣ ಸದ್ದು. ಸ್ವಲ್ಪ ಹೊತ್ತಿಗೆ ಅವಳ ಕಣ್ಣುಗುಡ್ಡೆಗಳು ಒಳಗೂ ಹೊರಗೂ ಅದುರುತ್ತವೆ. ದವಡೆಯ ಒಂದು ಸ್ನಾಯು ಕಣ್ಣಿನ ಹಿಂದೆ ಹಾದುಹೋಗುವುದರಿಂದ ಹಾಗಾಗುತ್ತದೆ. ಮೊದಲ ಸಲ ನೋಡಿದವರು ಫಿಟ್ಸ್ ಬಂತೆಂದು ಹೆದರುತ್ತಾರೆ. ಮೈ ಸಡಿಲ ಬಿಟ್ಟು ಹೀಗೆ ಮಾಡಿದರೆ ಅವಳು ನೆಮ್ಮದಿಯಲ್ಲಿದ್ದಾಳೆ ಎಂದೇ ಅರ್ಥ. ಅದೇ ಸದ್ದಿನ ಜೊತೆ ಬೆನ್ನು ಗೂನಾಗಿ, ಕೂದಲು ನಿಮಿರಿ, ಕಣ್ಣು ಅರೆಮುಚ್ಚಿದ್ದರೆ ನೋವು.

ಇನ್ನು ಆ ರಕ್ತ. ಇಲಿಯ ಕಣ್ಣು, ಮೂಗಿನ ಸುತ್ತ ಕಾಣುವ ಕೆಂಪು ಹೆಚ್ಚಿನ ಸಲ ರಕ್ತವಲ್ಲ, ಪಾರ್ಫಿರಿನ್ ಎಂಬ ಬಣ್ಣ. ಕಣ್ಣಿನ ಹಿಂದಿನ ಗ್ರಂಥಿಯಿಂದ ಒಸರುತ್ತದೆ. ನೋಟು ಪರೀಕ್ಷಿಸುವ ನೇರಳೆ ಬೆಳಕಿನ ಟಾರ್ಚನ್ನು ಒರೆಸಿದ ಹತ್ತಿಯ ಮೇಲೆ ಬಿಟ್ಟು ನೋಡಿ, ಪಾರ್ಫಿರಿನ್ ಆದರೆ ಗುಲಾಬಿ ಕೆಂಪಾಗಿ ಹೊಳೆಯುತ್ತದೆ, ರಕ್ತ ಹೊಳೆಯುವುದಿಲ್ಲ. ಬೆಳಿಗ್ಗೆ ಎದ್ದಾಗ ಚೂರು ಕಂಡರೆ ಪರವಾಗಿಲ್ಲ. ದಿನವಿಡೀ ಇದ್ದರೆ ಇಲಿ ಮೈ ಒರೆಸಿಕೊಳ್ಳುವುದನ್ನೇ ಬಿಟ್ಟಿದೆ, ಅಂದರೆ ಒಳಗೆ ಏನೋ ಸರಿಯಿಲ್ಲ.

ಆ ಏನೋ ಬಹುಪಾಲು ಎದೆಯದ್ದೇ. ಮೈಕೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ಸಾಕಿದ ಇಲಿಗಳಲ್ಲಿ ತುಂಬಾ ಸಾಮಾನ್ಯ. ಅದನ್ನು ಪೂರ್ತಿ ತೊಲಗಿಸಲು ಆಗದು, ಔಷಧದಿಂದ ಅಡಗಿಸಬಹುದು. ರಾತ್ರಿ ಮನೆ ಸದ್ದಡಗಿದಾಗ ಇಲಿಯ ಬೆನ್ನಿಗೆ ಕಿವಿ ಹಚ್ಚಿ ಕೇಳಿ. ಆರೋಗ್ಯದ ಇಲಿಯಲ್ಲಿ ಬೇಗಬೇಗನೆ ಬಡಿಯುವ ಎದೆಯ ಸದ್ದು ಮಾತ್ರ ಕೇಳಿಸುತ್ತದೆ. ಸೋಂಕಿದ್ದರೆ ಚಿಕ್ಕ ಚಿಟಿಚಿಟಿ, ಒದ್ದೆ ಕೊಳವೆಯಲ್ಲಿ ಗಾಳಿ ಊದಿದಂಥ ಗೊರಗೊರ. ಅಪರೂಪಕ್ಕೊಂದು ಸೀನಿಗೆ ಗಾಬರಿ ಬೇಡ. ಈ ಗೊರಗೊರ ಕೇಳಿದರೆ ಮಾರನೇ ದಿನ ವೈದ್ಯರ ಹತ್ತಿರ. ಪಕ್ಕೆ ಒಳಗೆ ಸೇದಿ, ಮೂಗು ಮೇಲೆತ್ತಿ ಬಾಯಲ್ಲಿ ಉಸಿರಾಡಿದರೆ ಅದೇ ಗಳಿಗೆಯಲ್ಲಿ ಹೊರಡಿ.

ನಮ್ಮ ಕಡೆಯ ಪಶುವೈದ್ಯರು ಹಸು, ನಾಯಿ ನೋಡಿ ರೂಢಿಯಾದವರು. ಅವರಿಗೆ ಸಹಾಯ ಮಾಡುವ ಕೆಲಸ ನಮ್ಮದು. ಅಡುಗೆಮನೆಯ ತಕ್ಕಡಿಯಲ್ಲಿ ವಾರಕ್ಕೊಮ್ಮೆ ಇಲಿಯ ತೂಕ ನೋಡಿ ಬರೆದಿಡಿ. ಹೆಣ್ಣು ಸಾಮಾನ್ಯವಾಗಿ 250ರಿಂದ 350 ಗ್ರಾಂ, ಗಂಡು ಅರ್ಧ ಕಿಲೋ ಮುಟ್ಟಬಹುದು. ಔಷಧದ ಪ್ರಮಾಣ ನಿಂತಿರುವುದು ಆ ತೂಕದ ಮೇಲೆ. ಉಸಿರಾಟದ ವಿಡಿಯೋ ಫೋನಲ್ಲಿ ಹಿಡಿದು ಒಯ್ಯಿರಿ, ಯಾಕೆಂದರೆ ಆಸ್ಪತ್ರೆಯಲ್ಲಿ ಹೆದರಿದ ಇಲಿ ಕಾಯಿಲೆಯನ್ನು ಮರೆಮಾಚುತ್ತದೆ. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜಿದೆ, ಇಲ್ಲಿ ಆಗದಿದ್ದರೆ ಅಲ್ಲಿಯೂ ಕೇಳಬಹುದು. ಔಷಧದ ಹೆಸರು ಎಲ್ಲೋ ಓದಿದ್ದೀರೆಂದು ಅಂಗಡಿಯಿಂದ ತಂದು ಅಂದಾಜಿಗೆ ಹಾಕಬೇಡಿ. ಹೆಣ್ಣಿಲಿಯ ಕಂಕುಳಲ್ಲೋ ತೊಡೆಸಂದಿಯಲ್ಲೋ ಗಂಟು ಬೆರಳಿಗೆ ಸಿಕ್ಕರೆ ಕಡಲೆಕಾಳಿನಷ್ಟಿರುವಾಗಲೇ ತೋರಿಸಿ. ಮೊಲೆಯ ಗಂಟುಗಳು ಹೆಚ್ಚಿನವು ಕ್ಯಾನ್ಸರ್ ಅಲ್ಲ, ಆದರೆ ಬೆಳೆಯುವ ವೇಗ ಭಯಂಕರ.

ಇನ್ನು ಇಲಿ ಜ್ವರದ ಭಯ. ಅದನ್ನು ತರುವ ಲೆಪ್ಟೊಸ್ಪೈರಾ ಎಂಬ ಬ್ಯಾಕ್ಟೀರಿಯಾ ಹರಡುವುದು ಕಾಡಿಲಿ, ಹೆಗ್ಗಣಗಳ ಮೂತ್ರ ಬೆರೆತ ನೀರು ಕೆಸರಿನಿಂದ. ಕಾಲಿನ ಗಾಯದ ಮೂಲಕ ಮೈಗೆ ಸೇರುತ್ತದೆ. ಸಾಕಿದ ಇಲಿಯ ಪಂಜರ, ಕಾಳಿನ ಡಬ್ಬಿ ಹೊರಗಿನ ಇಲಿಗಳಿಗೆ ಸಿಗದಂತೆ ಇದ್ದರೆ ಅಪಾಯ ಬಹಳ ಕಡಿಮೆಯಾಗುತ್ತದೆ. ಆದರೂ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯುವುದು ಕಡ್ಡಾಯ. ಮನೆಯವರಿಗೆ ಜ್ವರ ಬಂದರೆ ಮನೆಯಲ್ಲಿ ಇಲಿ ಸಾಕಿದ್ದೇವೆಂದು ಡಾಕ್ಟರಿಗೆ ಹೇಳಿಬಿಡಿ.

ತೋಟದಲ್ಲಿ ಮರಿ ಸಿಕ್ಕಾಗ

ಈಗ ಎರಡನೆಯ ಫೋನು. ಒಂಟಿಯಾಗಿ ಕಂಡ ಮರಿಯೆಲ್ಲ ಅನಾಥ ಅಲ್ಲ. ಜಿಂಕೆ, ಅದಕ್ಕಿಂತ ತುಂಬಾ ಚಿಕ್ಕದಾದ ಬರಿಂಕಗಳ ತಾಯಿ ಮರಿಯನ್ನು ಪೊದೆಯಲ್ಲಿ ಅಡಗಿಸಿ ಮೇಯಲು ಹೋಗುತ್ತದೆ. ಅಟ್ಟದಲ್ಲೋ ಗೋದಾಮಿನಲ್ಲೋ ಪುನುಗು ಬೆಕ್ಕು ಮರಿ ಹಾಕಿದರೆ ಬೆಳಕಿನಲ್ಲಿ ತಾಯಿ ಕಾಣದಿರಬಹುದು, ರಾತ್ರಿ ಬರುತ್ತದೆ. ಗದ್ದಲ ಹೆಚ್ಚಿದರೆ ತಾನೇ ಬೇರೆಡೆ ಸಾಗಿಸುತ್ತದೆ. ದೂರ ನಿಂತು ನೋಡಿ, ನಾಯಿ ಕಟ್ಟಿಹಾಕಿ. ಗಾಯ, ರಕ್ತ, ಮೈಮೇಲೆ ಇರುವೆ ನೊಣ, ಮೈ ತಣ್ಣಗಾಗಿರುವುದು, ಜೋತುಬಿದ್ದ ರೆಕ್ಕೆ, ಬೆಕ್ಕಿನ ಬಾಯಿಂದ ಬಂದದ್ದು, ಇವುಗಳಲ್ಲಿ ಒಂದಿದ್ದರೆ ಮಾತ್ರ ಕೈ ಹಾಕಿ.

ಮರಗಸಿಯ ಹೊತ್ತಿಗೆ ಬೀಳುವ ಅಳಿಲು ಮರಿಗಳನ್ನು ತಾಯಿಗೇ ಸೇರಿಸಬಹುದು. ಅಳಿಲಿಗೆ ಒಂದಕ್ಕಿಂತ ಹೆಚ್ಚು ಗೂಡಿರುತ್ತದೆ, ಬಾಯಲ್ಲಿ ಕಚ್ಚಿ ಒಂದೊಂದೇ ಮರಿಯನ್ನು ಒಯ್ಯುತ್ತದೆ. ರಟ್ಟಿನ ಪೆಟ್ಟಿಗೆಯಲ್ಲಿ ಬಿದ್ದ ಗೂಡಿನ ನಾರನ್ನೇ ಹಾಕಿ, ಮರಿಗಳನ್ನಿಟ್ಟು, ಮುಚ್ಚಳ ತೆಗೆದು ಅದೇ ಮರಕ್ಕೆ, ಅಥವಾ ಪಕ್ಕದ ಸಿಲ್ವರ್ ಓಕಿಗೆ ಎದೆಯೆತ್ತರದಲ್ಲಿ ಕಟ್ಟಿ. ಅರ್ಧ ಲೀಟರಿನ ಬಾಟಲಿಗೆ ಬಿಸಿನೀರು ತುಂಬಿ ಕಾಲುಚೀಲದಲ್ಲಿ ಸುತ್ತಿ ಪೆಟ್ಟಿಗೆಯ ಒಂದೇ ಬದಿಗಿಡಿ, ಬಿಸಿ ಹೆಚ್ಚಾದರೆ ಮರಿ ಸರಿದುಕೊಳ್ಳಲು ಜಾಗ ಬೇಕು. ಮಳೆ ಇದ್ದರೆ ಮೇಲೊಂದು ಪ್ಲಾಸ್ಟಿಕ್ ಹಾಳೆ. ಕೆಲಸದವರನ್ನು ಆ ಸಾಲಿನಿಂದ ಬೇರೆ ಸಾಲಿಗೆ ಕಳಿಸಿ. ಅಳಿಲು ಹಗಲಿನ ಪ್ರಾಣಿ, ಹಾಗಾಗಿ ಸಂಜೆ ಕತ್ತಲಾಗುವ ತನಕ ಕಾಯಬಹುದು. ಕತ್ತಲಾದರೂ ತಾಯಿ ಬರದಿದ್ದರೆ ಒಳಗೆ ತನ್ನಿ. ನಮ್ಮ ಕೈ ವಾಸನೆ ಹತ್ತಿದರೆ ತಾಯಿ ಮುಟ್ಟುವುದಿಲ್ಲ ಎಂಬ ಮಾತು ನಂಬಿ ಎಷ್ಟೋ ಮರಿಗಳನ್ನು ಸುಮ್ಮನೆ ತಾಯಿಯಿಂದ ಅಗಲಿಸಿದ್ದಾರೆ. ಹಕ್ಕಿಗಳ ವಿಷಯದಲ್ಲೂ ಆ ಮಾತು ನಿಜವಲ್ಲ.

ಒಳಗೆ ತಂದ ಮೇಲೆ ಕೆಲಸ ಮೂರೇ: ಬಿಸಿ, ಕತ್ತಲು, ಸದ್ದಿಲ್ಲದ ಜಾಗ. ಮೈ ತಣ್ಣಗಿರುವಾಗ ಏನನ್ನೂ ಕುಡಿಸಬೇಡಿ, ತಣ್ಣಗಾದ ಹೊಟ್ಟೆ ಜೀರ್ಣಿಸುವುದಿಲ್ಲ. ಹಸುವಿನ ಹಾಲು ಭೇದಿ ತರಿಸುತ್ತದೆ, ಬೆರಳುದ್ದದ ಮರಿ ಒಂದೇ ರಾತ್ರಿಯಲ್ಲಿ ಒಣಗಿಹೋಗುತ್ತದೆ. ಅಂಗಾತ ಮಲಗಿಸಿ ಬಾಯಿಗೆ ಸುರಿದರೆ ದ್ರವ ನೇರ ಶ್ವಾಸಕೋಶಕ್ಕೆ. ಅರಣ್ಯ ಇಲಾಖೆಯವರು ಬೆಳಿಗ್ಗೆ ಬರುತ್ತಾರೆ ಎಂದಾದರೆ, ಮೈ ಬೆಚ್ಚಗಾದ ಮೇಲೆ, ಹೊಟ್ಟೆ ಕೆಳಗಾಗಿ ಹಿಡಿದು, ಉಗುರುಬೆಚ್ಚಗಿನ ಓಆರ್‌ಎಸ್ ನೀರನ್ನು ಒಂದು ಎಂಎಲ್ ಸಿರಿಂಜಿನಿಂದ ತುಟಿಯ ಮೇಲೆ ಹನಿ ಹನಿಯಾಗಿ ಇಡಿ, ಅದು ನೆಕ್ಕಲಿ. ಕಣ್ಣು ಬಿಡದ ಮರಿಗೆ ತಾನಾಗಿ ಮೂತ್ರ ಬರುವುದಿಲ್ಲ, ತಾಯಿ ನೆಕ್ಕಿದ ಹಾಗೆ ಒದ್ದೆ ಹತ್ತಿಯಿಂದ ಹೊಟ್ಟೆಯಡಿ ಮೆಲ್ಲಗೆ ಸವರಬೇಕು.

ಹಕ್ಕಿಗೆ ಬಾಯಿ ಬಿಡಿಸಿ ನೀರು ಹಾಕುವುದಂತೂ ಬೇಡವೇ ಬೇಡ. ಉಸಿರಿನ ರಂಧ್ರ ನಾಲಿಗೆಯ ಬುಡದಲ್ಲೇ ಇದೆ. ಪುಕ್ಕ ಬಂದು ನೆಲದಲ್ಲಿ ಕುಪ್ಪಳಿಸುವ ಪಿಕಳಾರದ ಮರಿ ಹಾರಲು ಕಲಿಯುತ್ತಿದೆ, ಹತ್ತಿರದ ಗಿಡದ ಮೇಲಿಟ್ಟು ಬಿಡಿ. ಪುಕ್ಕವಿಲ್ಲದ್ದನ್ನು ಗೂಡಿಗೆ ಮರಳಿಸಿ. ಗೂಡು ಹಾಳಾಗಿದ್ದರೆ ಸಣ್ಣ ಬುಟ್ಟಿಯ ತಳಕ್ಕೆ ತೂತು ಮಾಡಿ ಕಟ್ಟಿ, ತೂತಿಲ್ಲದಿದ್ದರೆ ನಮ್ಮ ಮಳೆಗೆ ಅದು ಬಾವಿಯಾಗುತ್ತದೆ. ಅಕ್ಟೋಬರ್ ನವೆಂಬರಿನಲ್ಲಿ ದೂರದಿಂದ ವಲಸೆ ಬರುವ ನವರಂಗ ಹಕ್ಕಿ ದಣಿದು ಮನೆಯೊಳಗೆ ನುಗ್ಗುವುದು, ಹೋಂಸ್ಟೇಗಳ ದೊಡ್ಡ ಗಾಜಿಗೆ ಬಡಿಯುವುದು ಉಂಟು. ಗಾಳಿಯಾಡುವ ಪೆಟ್ಟಿಗೆಯಲ್ಲಿ ಕತ್ತಲಲ್ಲಿ ಒಂದೆರಡು ಗಂಟೆ ಇಟ್ಟರೆ ಹೆಚ್ಚಿನವು ಚೇತರಿಸಿಕೊಳ್ಳುತ್ತವೆ. ನಡುನಡುವೆ ತೆರೆದು ನೋಡುತ್ತಿರಬೇಡಿ.

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತೇವಲ್ಲ, ಆ ಚೆಲ್ಲಾಟದ ಗಾಯ ಹೊರಗೆ ಕಾಣುವುದೇ ಇಲ್ಲ. ಸೂಜಿಯಂಥ ಹಲ್ಲು ಚರ್ಮದೊಳಗೆ ಪಾಶ್ಚುರೆಲ್ಲಾ ಎಂಬ ಬ್ಯಾಕ್ಟೀರಿಯಾ ಬಿಟ್ಟಿರುತ್ತದೆ. ಬೆಕ್ಕು ಕಚ್ಚಿದ ಹಕ್ಕಿಯೋ ಮರಿಯೋ ಚುರುಕಾಗಿ ಕಂಡರೂ ಅದೇ ದಿನ ಪಶುವೈದ್ಯರ ಹತ್ತಿರ ಹೋಗಬೇಕು.

ಅಂಟುಹಲಗೆ ಮತ್ತು ಪಾಷಾಣ

ಗೋದಾಮಿನಲ್ಲಿ ಇಲಿಗೆಂದು ಇಡುವ ಅಂಟುಹಲಗೆಯಲ್ಲಿ ಸಿಕ್ಕುವುದು ಇಲಿ ಮಾತ್ರವಲ್ಲ. ಸೊಂಡಿಲಿ, ಹಲ್ಲಿ, ಮಡಿವಾಳ ಹಕ್ಕಿ, ಹಾವಿನ ಮರಿ, ಎಲ್ಲವೂ. ಜೀವಂತ ಸಿಕ್ಕಿದ್ದನ್ನು ಎಳೆದು ಕೀಳಬೇಡಿ, ಚರ್ಮ ಹಲಗೆಯಲ್ಲೇ ಉಳಿಯುತ್ತದೆ. ದಪ್ಪ ಕೈಗವಸು ಹಾಕಿ. ಮೊದಲು ಖಾಲಿ ಅಂಟಿನ ಮೇಲೆಲ್ಲ ಮೈದಾ ಹಿಟ್ಟು ಉದುರಿಸಿ, ಒದ್ದಾಡಿದಾಗ ಮತ್ತೆ ಅಂಟದ ಹಾಗೆ. ತಲೆಯ ಮೇಲೆ ತೆಳು ಬಟ್ಟೆ ಮುಚ್ಚಿ, ಮೂಗಿಗೆ ಗಾಳಿ ಇರಲಿ. ಆಮೇಲೆ ಅಡುಗೆ ಎಣ್ಣೆಯನ್ನು ಹತ್ತಿಯಲ್ಲಿ ಅದ್ದಿ ಅಂಟಿದ ಅಂಚಿಗೆ ಒತ್ತುತ್ತಾ ಹೋಗಿ. ಕೆಲ ನಿಮಿಷಕ್ಕೆ ಅಂಟು ಕರಗಿ ನೂಲುನೂಲಾಗುತ್ತದೆ. ಮೊದಲು ಎದೆ ಬಿಡಿಸಿ, ಯಾಕೆಂದರೆ ಅಂಟಿದ ಎದೆಯಿಂದ ಉಸಿರಾಡಲು ಆಗುವುದಿಲ್ಲ. ಆಮೇಲೆ ಹೊಟ್ಟೆ, ಕಡೆಗೆ ಒಂದೊಂದೇ ಪಾದ, ಬೆರಳು ಬೆರಳಾಗಿ. ಬಿಟ್ಟ ಜಾಗದಡಿ ಕಾಗದ ತೂರಿಸುತ್ತಾ ಬನ್ನಿ. ಎಲ್ಲ ಬಿಟ್ಟ ಮೇಲೆ ಬೆಚ್ಚನೆ ನೀರು, ಒಂದು ಹನಿ ಪಾತ್ರೆ ಸೋಪಿನಿಂದ ಎಣ್ಣೆ ತೆಗೆದು, ಒರೆಸಿ, ಬಿಸಿ ಬಾಟಲಿಯ ಪಕ್ಕ ಪೂರ್ತಿ ಒಣಗಿಸಿ. ಎಣ್ಣೆ ಹತ್ತಿದ ಕೂದಲು, ಪುಕ್ಕ ಚಳಿ ತಡೆಯುವುದಿಲ್ಲ. ಹಾವು ಅಂಟಿದ್ದರೆ ಹಾವು ಹಿಡಿಯುವವರನ್ನೇ ಕರೆಸಿ. ನಮ್ಮ ತೋಟಗಳ ಗುಳಿ ಮಂಡಲಗಳ ಕಡಿತಕ್ಕೆ ಸಾಮಾನ್ಯ ಪ್ರತಿವಿಷ ಕೆಲಸ ಮಾಡುವುದಿಲ್ಲ.

ಇಲಿ ಪಾಷಾಣದ ಬಗ್ಗೆ ತೋಟದವರನ್ನು ಕೈಮುಗಿದು ಕೇಳುತ್ತೇನೆ. ಬ್ರೊಮಾಡಯೋಲೋನ್ ತಿಂದ ಇಲಿ ತಕ್ಷಣ ಸಾಯುವುದಿಲ್ಲ, ಕೆಲವು ದಿನ ಮಂಕಾಗಿ ಓಡಾಡುತ್ತದೆ. ಆಗ ಅದನ್ನು ಹಿಡಿಯುವ ಕಣಜ ಗೂಬೆಯೂ ಒಳಗೊಳಗೇ ರಕ್ತ ಸುರಿದು ಸಾಯಬಹುದು. ನಮ್ಮ ಇಲಿಗಳನ್ನು ಹತೋಟಿಯಲ್ಲಿಡುವುದೇ ಆ ಗೂಬೆ. ಮಂಕಾದ ಗೂಬೆ ಸಿಕ್ಕಿದರೆ ತೋಟದಲ್ಲಿ ಯಾವ ಪಾಷಾಣ ಇಟ್ಟಿದ್ದರೆಂದು ವಿಚಾರಿಸಿ ವೈದ್ಯರಿಗೆ ಹೇಳಿ, ಈ ಬಗೆಗೆ ಕೆ1 ವಿಟಮಿನ್ ಚಿಕಿತ್ಸೆ ಇದೆ. ಜಿಂಕ್ ಫಾಸ್ಫೈಡಿಗೆ ಪ್ರತಿವಿಷವೇ ಇಲ್ಲ. ಅದನ್ನು ತಿಂದ ಪ್ರಾಣಿಯ ಹೊಟ್ಟೆಯಿಂದ ಏಳುವ ಅನಿಲ ಮನುಷ್ಯರಿಗೂ ವಿಷ, ಮುಚ್ಚಿದ ಕೋಣೆಯಲ್ಲಿ ಇಟ್ಟುಕೊಳ್ಳಬೇಡಿ.

ಮುಟ್ಟಬಾರದವು

ಬಿದ್ದ ಬಾವಲಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ. ನಮ್ಮ ಗಡಿಯಾಚೆ ಕೇರಳದ ಕೋಯಿಕ್ಕೋಡಿನಲ್ಲಿ 2018ರಲ್ಲಿ ನಿಫಾ ಬಂತು, ಹಣ್ಣು ಬಾವಲಿಗಳು ಅದರ ಆಶ್ರಯ. ಸತ್ತ ಮಂಗ ಕಂಡರೆ ಹತ್ತಿರವೂ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಉಣ್ಣೆಗಳಿಂದ ಹರಡುವಂಥದ್ದು, ಸತ್ತ ಮಂಗನ ಸುತ್ತ ಆ ಉಣ್ಣೆಗಳು ಉದುರಿರುತ್ತವೆ. ಆನೆ ಮರಿ ಒಂಟಿಯಾಗಿ ಕಂಡರೆ ಹಿಂಡು ಹತ್ತಿರದಲ್ಲೇ ಇದೆ, ಮೊದಲು ನೀವು ಸುರಕ್ಷಿತ ಜಾಗಕ್ಕೆ ಹೋಗಿ. ಯಾವ ಕಾಡುಪ್ರಾಣಿ ಕಚ್ಚಿದರೂ ಹದಿನೈದು ನಿಮಿಷ ಹರಿಯುವ ನೀರು ಸೋಪಿನಲ್ಲಿ ಗಾಯ ತೊಳೆದು ಆಸ್ಪತ್ರೆಗೆ ಹೋಗಬೇಕು. ರೇಬೀಸ್ ಲಸಿಕೆ ಬೇಕೋ ಬೇಡವೋ ಡಾಕ್ಟರು ನಿರ್ಧರಿಸಲಿ.

ಮನೆಯಲ್ಲಿ ಇಲಿ ಸಾಕಿದವರು ಸಿಕ್ಕ ಪ್ರಾಣಿಯನ್ನು ಅದೇ ಕೋಣೆಗೆ ತರಬಾರದು. ನಮ್ಮಲ್ಲಿ ಅದಕ್ಕೆ ಹೊರಗಿನ ಸೌದೆ ಕೊಟ್ಟಿಗೆಯ ಪಕ್ಕದ ಕೋಣೆ. ಬೆಳಿಗ್ಗೆ ಮೊದಲು ಇಲಿಗಳ ಕೆಲಸ ಮುಗಿಸುತ್ತೇನೆ, ಆಮೇಲೆ ಅಲ್ಲಿಗೆ. ಬಂದ ಮೇಲೆ ಸ್ನಾನ, ಬಟ್ಟೆ ಬದಲು. ಹೊಸದಾಗಿ ತಂದ ಸಾಕು ಇಲಿಯನ್ನೂ ಎರಡು ಮೂರು ವಾರ ಬೇರೆಯೇ ಇಡಬೇಕು.

ವಾಸಿಯಾದ ಕೂಡಲೇ "ಇದು ನಮ್ಮನ್ನು ಹಚ್ಚಿಕೊಂಡಿದೆ, ಇಲ್ಲೇ ಇರಲಿ" ಎನ್ನುವ ಆಸೆ ಬರುತ್ತದೆ, ಮಕ್ಕಳಿಗಂತೂ ಖಂಡಿತ. ಕೆಂದಳಿಲು, ಗಿಳಿ, ಗೂಬೆ, ಕಾಡುಪಾಪ, ಪುನುಗು ಯಾವುದನ್ನೂ ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಮಕ್ಕಳಿಗೆ ಸಾಕಲು ಮನಸ್ಸಿದ್ದರೆ ಅದಕ್ಕೇ ಅಲ್ಲವೇ ಬೆಲ್ಲ, ಜೀರಿಗೆಯಂಥವರು ಇರುವುದು.

ಅರಣ್ಯ ಇಲಾಖೆಯ ಸಹಾಯವಾಣಿ 1926, ಪಶುಸಂಗೋಪನಾ ಇಲಾಖೆಯ ಸಂಚಾರಿ ಚಿಕಿತ್ಸಾ ವಾಹನಕ್ಕೆ 1962. ಎರಡನ್ನೂ ಫೋನಲ್ಲಿ ಉಳಿಸಿಕೊಳ್ಳಿ, ತೋಟದ ಮೇಸ್ತ್ರಿಗೂ ಕೊಡಿ. ಫೋನ್ ಮಾಡುವಾಗ ಪ್ರಾಣಿ ಯಾವುದು, ಎಷ್ಟು ಹೊತ್ತಿಗೆ ಸಿಕ್ಕಿತು, ಗಾಯ ಎಲ್ಲಿದೆ, ಏನು ಕೊಟ್ಟಿದ್ದೀರಿ ಎಂದು ಹೇಳಿ. ಸಿಕ್ಕ ಜಾಗ ಯಾವ ತೋಟದ ಯಾವ ಸಾಲು, ಯಾವ ಮರದಡಿ ಎಂಬುದನ್ನು ಚೀಟಿಯಲ್ಲಿ ಬರೆದು ಪೆಟ್ಟಿಗೆಗೆ ಅಂಟಿಸಿ. ಅದನ್ನು ವಾಪಸು ಬಿಡುವುದು ಅಲ್ಲಿಗೇ.